ಹೇಳಿಕೆ ನೀಡುವ ಸ್ಥಿತಿಯಲ್ಲಿರಲಿಲ್ಲ

ಪಂಚನಾಮೆ ಬರೆಯುವುದರಲ್ಲಿ ರೇವಣಸಿದ್ದಯ್ಯ ಮಾಸ್ತರರನ್ನು ಸರಿಗಟ್ಟುವವರು ಚಿತ್ತಾಪುರ ತಾಲೂಕಿನಲ್ಲೇ ಇರಲಿಲ್ಲ. ಬಾವಿಗೆ ಬಿದ್ದವರು, ಹಾವು ಕಚ್ಚಿಸಿಕೊಂಡವರು, ವಾಡಿಯ ಯಾರ್ಡಿನಲ್ಲಿ ಗೂಡ್ಸ್ ಗಾಡಿಗೆ ಸಿಕ್ಕವರು, ಯಾರೇ ಅಕಾಲದಲ್ಲಿ ಸತ್ತರೂ ಠಾಣೆಯ ಜಮಾದಾರರು ಐದು ಮಂದಿ ಮರ್ಯಾದಸ್ಥರನ್ನು ಪಂಚರೆಂದು ಕೂಡಿಸುವರು; ಆ ಐವರು ಕಂಡದ್ದನ್ನು ಕಾಗದಕ್ಕೆ ಇಳಿಸಲು ಶಹಾಬಾದದ ಹೈಸ್ಕೂಲಿನಿಂದ ಮಾಸ್ತರರನ್ನು ಕರೆಸುವರು. ದುಂಡು ಅಕ್ಷರ, ಒಂದೂ ತಿದ್ದಿಲ್ಲದ ಸಾಲು, ಒಂದು ಹಾಳೆಗೆ ಮೀರದ ಬರಹ. ಹೆಣ ಯಾವ ದಿಕ್ಕಿಗೆ ತಲೆಯಿಟ್ಟಿತ್ತು, ಮೈಮೇಲೆ ಏನಿತ್ತು, ಗಾಯ ಎಷ್ಟು ಬೆರಳಗಲ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ.

ಈ ಬರಹದಲ್ಲಿ ಅವರದೇ ಆದ ಒಂದು ವಾಕ್ಯವಿತ್ತು. ಹೆಣದ ಬಳಿ ಹೆಂಡತಿಯೋ ತಾಯಿಯೋ ಎದೆ ಬಡಿದುಕೊಳ್ಳುತ್ತ ಏನೇನೋ ಹೇಳುತ್ತಿರುತ್ತಾರೆ. ಅದನ್ನೆಲ್ಲ ಬರೆಯಹೊರಟರೆ ಹಾಳೆಯೂ ಸಾಲದು, ಹೊತ್ತೂ ಸಾಲದು. "ಪಂಚನಾಮೆಯಾಗ ಕಂಡದ್ದು ಬರೀಬೇಕ್ರಿ, ಮಾಸ್ತರ್ರ. ಹೆಣ್ಮಕ್ಕಳು ಅತ್ತದ್ದು ಬರೀಬಾರದು" ಎಂದು ಮೊದಲ ಸಲವೇ ಒಬ್ಬ ಜಮಾದಾರರು ಪಾಠ ಹೇಳಿಕೊಟ್ಟಿದ್ದರು. ಮಾಸ್ತರರು ಆ ಪಾಠವನ್ನು ಚೊಕ್ಕ ಗ್ರಾಂಥಿಕಕ್ಕೆ ತಿರುಗಿಸಿದ್ದರು: 'ಮೃತನ ಪತ್ನಿಯು ಅತೀವ ದುಃಖದಲ್ಲಿದ್ದ ಕಾರಣ ಹೇಳಿಕೆ ನೀಡುವ ಸ್ಥಿತಿಯಲ್ಲಿರಲಿಲ್ಲ.' ಠಾಣೆಯವರಿಗೆ ಆ ಸಾಲೆಂದರೆ ಬಲು ಪ್ರೀತಿ. ಬೇರೆ ಊರಿನ ಬರೆಯುವವರೂ ಅದನ್ನು ನಕಲು ಮಾಡಿಕೊಂಡರು. ತಾವು ಕಟ್ಟಿದ ವಾಕ್ಯ ತಾಲೂಕೆಲ್ಲ ಓಡಾಡುತ್ತಿದೆಯೆಂದು ಮಾಸ್ತರರಿಗೆ ಒಳಗೊಳಗೇ ಹೆಮ್ಮೆಯಿತ್ತು.

ನಲವತ್ತಾರನೆಯ ವಯಸ್ಸಿಗೆ, ಎಂಬತ್ತೆರಡನೆಯ ಇಸವಿಯಲ್ಲಿ, ಅವರು ಕಲಬುರಗಿಯಲ್ಲಿ ಎಂ.ಫಿಲ್.ಗೆ ಹೆಸರು ಕೊಟ್ಟರು. ಮಾರ್ಗದರ್ಶಕರಾದ ಪ್ರಾಧ್ಯಾಪಕರು ಪರದೇಶದಿಂದ ಹೊಸದಾಗಿ ಮರಳಿದವರು. "ವಚನದ ಮ್ಯಾಲ ಎಲ್ಲಾರೂ ಬರೀತಾರ. ಯಾರೂ ಮುಟ್ಟದ್ದು ಮುಟ್ರಿ" ಎಂದು ಯೆಹೂದ್ಯರ ಹಳೆಯ ಧರ್ಮಗ್ರಂಥವನ್ನು ಎದುರಿಗಿಟ್ಟರು. ಅದರ ಕಥೆಗಳನ್ನು ಹೇಳುವ ಧ್ವನಿ ಯಾರದು, ಆ ಧ್ವನಿ ಏನನ್ನು ಹೇಳುತ್ತದೆ, ಏನನ್ನು ನುಂಗುತ್ತದೆ ಎಂಬುದೇ ಪ್ರಬಂಧದ ವಿಷಯ. ಕಥೆ ಹೇಳುವವನೊಬ್ಬ, ಕಥೆಯನ್ನು ಕಾಣುವ ಕಣ್ಣು ಇನ್ನೊಬ್ಬನದು, ಎರಡನ್ನೂ ಒಂದೇ ಎಂದು ತಿಳಿಯಬಾರದು ಎಂದು ಪ್ರಾಧ್ಯಾಪಕರು ಕಲಿಸಿದರು. ಕೆಲಸದ ರೀತಿಯನ್ನೂ ತೋರಿಸಿದರು. ಮಾತಾಡುವವರ ಮಾತಿಗೆ ಕೆಂಪು ಗೆರೆ. ಯಾರ ಕಣ್ಣಿನಿಂದ ಕಾಣುತ್ತೇವೋ ಅಲ್ಲಿ ನೀಲಿ ಗೆರೆ. ಸ್ಥಳದಲ್ಲಿದ್ದೂ ಮಾತಿಲ್ಲದವರ ಹೆಸರನ್ನು ಅಂಚಿನಲ್ಲಿ ಬರೆಯಬೇಕು.

ವಾಡಿಯ ರೈಲ್ವೆ ಕಾಲನಿಯ ಪಾದ್ರಿಯೊಬ್ಬರಿಂದ ಕನ್ನಡದ ಪ್ರತಿ ಸಿಕ್ಕಿತು. ಅದನ್ನು ಮಾಸ್ತರರು ಶಾಲೆಗೂ ಒಯ್ಯುತ್ತಿದ್ದರು. ಗಣಿತದ ಸಾಯಬಣ್ಣನಿಗೆ ಅದೊಂದು ಹಬ್ಬ.

"ಏನ್ರಿ ಅಯ್ನೋರ, ಕೊಳ್ಳಾಗ ಲಿಂಗ, ಕೈಯಾಗ ಯೆಹೂದ್ಯರ ಪುರಾಣ! ಮಠದೋರಿಗೆ ತಿಳದ್ರ ನಿಮ್ಮ ಪ್ರಸಾದ ಬಂದ್ ನೋಡ್ರಿ."

"ಮಠದೋರು ಓದೋದಿಲ್ಲೋ ಸಾಯಬಣ್ಣ. ಅಂಜಬ್ಯಾಡ."

"ಓದದವ್ರೇ ಜಲ್ದಿ ಸಿಟ್ಟಿಗೇಳತಾರ್ರಿ. ನಮ್ಮ ಹೆಡ್‌ಮಾಸ್ತರನ್ನ ನೋಡ್ರಿ ಬೇಕಾದ್ರ."

ಮಾಸ್ತರರು ಆರಿಸಿಕೊಂಡ ಕಥೆಗಳಲ್ಲಿ ಒಂದು ಹರಕೆಯದು. ಸೇನಾಪತಿಯೊಬ್ಬ ಗೆದ್ದು ಬಂದರೆ ಮನೆಯ ಬಾಗಿಲಿನಿಂದ ಮೊದಲು ಎದುರುಗೊಳ್ಳುವುದನ್ನು ದೇವರಿಗೆ ಬೆಂಕಿಯಲ್ಲಿ ಅರ್ಪಿಸುವೆನೆಂದು ಮಾತು ಕೊಡುತ್ತಾನೆ. ಗೆಲ್ಲುತ್ತಾನೆ. ತಮಟೆ ಬಡಿಯುತ್ತ, ಕುಣಿಯುತ್ತ ಬಾಗಿಲಿಗೆ ಬರುವವಳು ಅವನ ಒಬ್ಬಳೇ ಮಗಳು. ಆತ ಬಟ್ಟೆ ಹರಿದುಕೊಂಡು, ತನ್ನನ್ನು ಸಂಕಟಕ್ಕೆ ಕೆಡವಿದವಳು ಅವಳೇ ಎಂಬಂತೆ ಆಡುತ್ತಾನೆ. ಅವಳು ಎರಡು ತಿಂಗಳ ಅವಧಿ ಕೇಳಿ ಗೆಳತಿಯರೊಡನೆ ಗುಡ್ಡಕ್ಕೆ ಹೋಗಿ, ಅತ್ತು, ಮರಳುತ್ತಾಳೆ. ತಂದೆ ಹರಕೆಯಂತೆ ನಡೆದುಕೊಂಡನೆಂದು ಕಥೆಗಾರ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಹುಡುಗಿಗೆ ಹೆಸರಿಲ್ಲ. ಬೆಂಕಿಯ ಮಾತಿಲ್ಲ. ತಪ್ಪು ಯಾರದೆಂಬ ಸೊಲ್ಲಿಲ್ಲ.

ಮಾಸ್ತರರಿಗೆ ಈ ಬಿಗಿ ಬಹಳ ಹಿಡಿಸಿತು. ಹೆಚ್ಚಿಲ್ಲ, ಕಡಿಮೆಯಿಲ್ಲ. 'ದೇವರ ಮನಸ್ಸನ್ನೂ ಬಲ್ಲ ಈ ನಿರೂಪಕ ಒಂದು ಹನಿ ಕಣ್ಣೀರನ್ನೂ ಹಾಳೆಗೆ ಬೀಳಗೊಡುವುದಿಲ್ಲ. ಮೌನವೇ ಅವನ ಕಲೆ, ಮೌನವೇ ಅವನ ದುಃಖ' ಎಂದು ಹನ್ನೆರಡು ಪುಟದ ಅಧ್ಯಾಯ ಬರೆದರು. ಪ್ರಾಧ್ಯಾಪಕರು ಅಂಚಿನಲ್ಲಿ 'ಉತ್ತಮ ಒಳನೋಟ' ಎಂದು ಬರೆದು ಮರಳಿಸಿದರು. ವಿದ್ಯಾವಂತರಿಬ್ಬರು ಒಂದು ಹುಡುಗಿಯ ಸಾವನ್ನು ನಡುವೆ ಇಟ್ಟುಕೊಂಡು ಹೀಗೆ ಒಬ್ಬರನ್ನೊಬ್ಬರು ಮೆಚ್ಚಿಕೊಂಡರು. ಇಂಥ ಮೆಚ್ಚುಗೆಗೆ ನಾಚಿಕೆಯಿರಬೇಕು; ಅದು ಇರಲಿಲ್ಲ.

ಅಧ್ಯಾಯ ಮರಳಿ ಬಂದ ಭಾನುವಾರ ಮಾಸ್ತರರು ಸಂತೋಷದಿಂದ ಅದನ್ನು ಹೆಂಡತಿಗೆ ಓದಿ ಹೇಳಿದರು. ಮಹಾದೇವಮ್ಮ ನಾಲ್ಕನೆಯ ಇಯತ್ತೆಯವರೆಗೆ ಕಲಿತವಳು. ಜ್ವಾಳ ಹಸನು ಮಾಡುತ್ತ ಕೇಳಿದಳು.

"ಆ ಹುಡುಗಿ ಗುಡ್ಡದಾಗ ಎರಡು ತಿಂಗಳ ಏನಂದ್ಳಂತ್ರಿ?"

"ಅದು ಬರದಿಲ್ಲ."

"ಬರದಿಲ್ಲಂದ್ರ? ಬರದವ್ಗ ಗೊತ್ತಿರ್ಲಿಲ್ಲೋ, ಬ್ಯಾಡನಿಸ್ತೋ?"

"ಅದೇ ಅವನ ಸಂಯಮ. ನಿರೂಪಕ ಗುಡ್ಡ ಹತ್ತೋದಿಲ್ಲ. ಅಪ್ಪನ ಮನ್ಯಾಗೇ ಕುಂತಿರ್ತಾನ."

"ಹ್ಞಾಂ, ಹಂಗನ್ರಿ. ನೆರಳಿಗಿ ಕುಂತಾನ" ಎಂದು ಮಹಾದೇವಮ್ಮ ಮೊರದ ಜ್ವಾಳ ಕೇರಿದಳು.

ಮಾಸ್ತರರು ನಗಲು ನೋಡಿದರು, ಆಗಲಿಲ್ಲ. ತಾವು ಬರೆದ ಪಂಚನಾಮೆಗಳ ಪ್ರತಿಗಳನ್ನು ಒಂದು ವಹಿಯಲ್ಲಿ ಜೋಪಾನ ಮಾಡುವ ರೂಢಿ ಅವರಿಗಿತ್ತು. ಅಂದು ಮಧ್ಯಾಹ್ನ ಅದನ್ನು ತೆಗೆದು, ಪ್ರಾಧ್ಯಾಪಕರು ಹೇಳಿಕೊಟ್ಟ ಗೆರೆಗಳನ್ನು ತಮ್ಮದೇ ಬರಹಕ್ಕೆ ಎಳೆಯತೊಡಗಿದರು. ನೀಲಿ ಗೆರೆ ಎಲ್ಲೆಲ್ಲೂ ಬಂತು: ಜಮಾದಾರರು ಕಂಡರು, ಪಂಚರು ಕಂಡರು. ಕೆಂಪು ಪೆನ್ಸಿಲ್ಲಿಗೆ ಕೆಲಸವೇ ಇರಲಿಲ್ಲ. ಅಂಚಿನಲ್ಲಿ ಮಾತ್ರ ಹೆಸರುಗಳು ಒಂದರ ಕೆಳಗೊಂದು ಇಳಿದವು. ಹನ್ನೊಂದು ಸಾವುಗಳಲ್ಲಿ ಒಂಬತ್ತು ಹೆಂಗಸರು ಹೇಳಿಕೆ ನೀಡುವ ಸ್ಥಿತಿಯಲ್ಲಿರಲಿಲ್ಲ. ಒಂಬತ್ತನೆಯ ಹೆಸರು ಸೈದಾನಬಿ.

ಅವರಿಗೆ ದುಃಖವಾಗಲಿಲ್ಲ. ಬಹಳ ಹೊತ್ತು ಮಡಿಚಿ ಕುಳಿತ ಕಾಲಿನಂತೆ ಮನಸ್ಸಿಗೆ ಜೋಮು ಹಿಡಿದಿತ್ತು. ಊಟ ಮಾಡಿದರು, ಮರುದಿನ ಶಾಲೆಗೆ ಹೋಗಿ ಹತ್ತನೆಯ ತರಗತಿಗೆ ಸಮಾಸ ಕಲಿಸಿದರು, ಯಾವ ಪ್ರಶ್ನೆಗೂ ತಪ್ಪು ಉತ್ತರ ಕೊಡಲಿಲ್ಲ.

ಸೈದಾನಬಿಯ ಗಂಡ ಗುಲಾಮ ದಸ್ತಗೀರ ಶಹಾಬಾದದ ಹೊರಗಿನ ಕಲ್ಲಿನ ಖಣಿಯಲ್ಲಿ ಪರಸಿ ಎಂಬ ಹಾಸುಗಲ್ಲು ಎಬ್ಬಿಸುವವನಾಗಿದ್ದ. ಹದಿನಾಲ್ಕು ತಿಂಗಳ ಹಿಂದೆ, ಕೆಲಸ ನಿಲ್ಲಿಸಿದ್ದ ಹಳೆಯ ಖಣಿಯೊಳಗೆ ಮೇಲಿನ ಪದರ ಕುಸಿದು ಸತ್ತ. ಆ ದಿನ ಸೈದಾನಬಿ ಹೆಣದ ಪಕ್ಕದಿಂದ ಎದ್ದು ಬಂದು ಮಾಸ್ತರರ ಎದುರು ನಿಂತು, ಗಂಡನನ್ನು ಒಳಗೆ ಕಳಿಸಿದವನು ಖಣಿಯ ಆಳುಗಳ ಮೇಲಿನ ಮುಕಾದಮ ಗೊಲ್ಲಾಳಪ್ಪನೆಂದು ಹೇಳಿದ್ದಳು. ಮೂರು ಸಲ ಹೇಳಿದ್ದಳು. ಅವಳ ದನಿ ನಡುಗಿರಲಿಲ್ಲ. ಮಾಸ್ತರರು ಲೇಖನಿ ಎತ್ತಿ ಜಮಾದಾರರ ಮುಖ ನೋಡಿದ್ದರು. ಜಮಾದಾರರು ಗಡಿಯಾರ ನೋಡಿದ್ದರು. ಲೇಖನಿ ಕೆಳಗಿಳಿದು ತನ್ನ ಹಳೆಯ ವಾಕ್ಯವನ್ನೇ ಬರೆದಿತ್ತು. ಅದರ ಕೆಳಗೆ 'ಮೃತನು ಮುಚ್ಚಿದ ಖಣಿಯೊಳಗೆ ಏಕೆ ಪ್ರವೇಶಿಸಿದನೆಂಬುದು ತಿಳಿದುಬಂದಿಲ್ಲ' ಎಂಬ ಇನ್ನೊಂದು ವಾಕ್ಯ.

ಆಮೇಲೆ ಅವಳು ಠಾಣೆಗೆ ಹೋದಾಗ, ಪಂಚನಾಮೆಯಲ್ಲಿ ಇಲ್ಲದ್ದು ಇಲ್ಲ ಎಂದು ಕಳಿಸಿದರು. ತಿಳಿದುಬಂದಿಲ್ಲವೆಂದು ಬಿಟ್ಟ ಜಾಗವನ್ನು ಖಣಿಯ ಮಾಲಕರು ತಮಗೆ ಬೇಕಾದಂತೆ ತುಂಬಿದರು: ಅವನು ಕಲ್ಲು ಕದಿಯಲು ಹೋಗಿದ್ದ.

ಪೆನ್ಸಿಲ್ಲಿನ ಗೆರೆ ಎಳೆದ ಮೂರನೆಯ ದಿನ ಸೈದಾನಬಿಯ ಮಗಳು ಬಷೀರಾ ಶಾಲೆಯ ವರಾಂಡದಲ್ಲಿ ಬಂದು ನಿಂತಳು. ಒಂಬತ್ತನೆಯ ತರಗತಿಯ ಹುಡುಗಿ; ಎರಡು ತಿಂಗಳಿಂದ ಬಂದಿರಲಿಲ್ಲ.

"ಎಲ್ಲಿಗಿ ಹೋಗಿದ್ದೆವ್ವ ಬಷೀರಾ?"

"ಎಲ್ಲಿಗೂ ಇಲ್ಲ ಸರ್. ಮನ್ಯಾಗೇ ಇದ್ದೆ. ಇಲ್ಲಿ ಹುಡುಗ್ರು ಕಲ್ಲುಗಳ್ಳನ ಮಗಳು ಅಂತಾರ. ಅಮ್ಮಿ ಬ್ಯಾಡಂದ್ಳು."

ಅವಳ ಕೈಯಲ್ಲಿ ಸರಕಾರದ ಲಕೋಟೆಯಿತ್ತು. ಗುರುವಾರ ಚಿತ್ತಾಪುರದ ಪ್ರವಾಸಿ ಮಂದಿರದಲ್ಲಿ ದಸ್ತಗೀರನ ಸಾವಿನ ವಿಚಾರಣೆ. ಮೃತನು ಕಳವಿನ ಉದ್ದೇಶದಿಂದ ಒಳಹೊಕ್ಕನೇ ಎಂಬುದು ಅಂದು ಇತ್ಯರ್ಥವಾಗಬೇಕು. ಜೊತೆಗೆ ಪಂಚನಾಮೆಯ ಪ್ರತಿ.

"ಸರ್, ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

"ಹೌದು."

"ಅಮ್ಮಿಗಿ ಓದಿ ಹೇಳ್ದೆ. ಅಕಿ ನಂಬಲಿಲ್ಲ. ಮಾಸ್ತರ್ರು ಹಂಗ ಬರದಿರೋದಿಲ್ಲ, ನಿನಗೇ ಓದಾಕ ಬರಲ್ಲಂದ್ಳು. ಅದಕ್ಕ ನೀವೇ ಒಮ್ಮಿ ಓದ್ರಿ. ನಾ ತಪ್ಪು ಓದೀನೇನು?"

ಮಾಸ್ತರರು ಓದಿದರು. ಹುಡುಗಿ ಓದಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಕಲಿಸಿದವರು ಅವರೇ.

ಆ ರಾತ್ರಿ ಊಟಕ್ಕೆ ಕುಳಿತಾಗ, ಗುರುವಾರ ಚಿತ್ತಾಪುರಕ್ಕೆ ಹೋಗುವೆನೆಂದು ಮಹಾದೇವಮ್ಮನಿಗೆ ಹೇಳಿದರು. ಯಾಕೆಂದೂ ಹೇಳಿದರು.

"ಸುಳ್ಳು ಬರದೀನಿ ಅಂತ ನಿಮ್ಮ ಬಾಯಿಲೇ ಒಪ್ಪಿಕೊಂಡ್ರ ನೌಕರಿ ಉಳೀತದೇನ್ರಿ?"

"ಉಳೀಲಿಕ್ಕಿಲ್ಲ."

ಅವಳು ಇನ್ನೊಂದು ರೊಟ್ಟಿ ತಟ್ಟೆಗೆ ಹಾಕಿದಳು. "ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ರಿ. ಈಗ ಆ ಎಂ.ಫಿಲ್ಲು ಓದಿ ಬುದ್ಧಿ ಬಂತೇನು?"

ಅವಳು ಉತ್ತರಕ್ಕೆ ಕಾಯದೆ ಒಲೆಯ ಕಡೆ ತಿರುಗಿದಳು.

ಗುರುವಾರ ಪ್ರವಾಸಿ ಮಂದಿರದ ಮೆಟ್ಟಿಲ ಬಳಿಯೇ ಮುಕಾದಮ ಗೊಲ್ಲಾಳಪ್ಪ ಎದುರಾದ. ಬಿಳಿ ಅಂಗಿ, ಹೆಗಲ ಮೇಲೆ ಹೊಸ ವಲ್ಲಿ.

"ಶರಣ್ರಿ ಮಾಸ್ತರ್ರ! ನಿಮಗೂ ಕರಸ್ಯಾರೇನು? ಸುಮ್ಮನ ತಕಲೀಫ್. ನಿಮ್ಮ ಪಂಚನಾಮೆ ಭಾಳ ಛಂದ ಅದ, ಅದೊಂದೇ ಸಾಕು. ಮಾಲಕರು ಸೈತ ಹೊಗಳಿದ್ರು. ಬರೀಬೇಕಂದ್ರ ಹಿಂಗ ಬರೀಬೇಕು ಅಂದ್ರು."

ಜಗತ್ತಿನಲ್ಲಿ ಬೈಗುಳಕ್ಕಿಂತ ಕೆಟ್ಟ ಹೊಗಳಿಕೆಗಳಿವೆ. ಅನ್ಯಾಯ ಮಾಡಿದವನು ಬಂದು ಬೆನ್ನು ತಟ್ಟಿದಾಗ, ತಾನು ನಿಂತದ್ದೆಲ್ಲಿ ಎಂಬುದು ಮನುಷ್ಯನಿಗೆ ತಿಳಿಯಬೇಕು. ಮಾಸ್ತರರಿಗೆ ತಿಳಿಯಿತು. ಆದರೂ ಸಿಟ್ಟು ಬರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದರು.

ವಿಚಾರಣೆಯ ಸಾಹೇಬರು ಮೈಸೂರು ಕಡೆಯ ತರುಣ. ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ಎದುರಿನ ಬೆಂಚಿನ ಒಂದು ತುದಿಗೆ ಸೈದಾನಬಿ, ಬಷೀರಾ. ಇನ್ನೊಂದು ತುದಿಗೆ ಗೊಲ್ಲಾಳಪ್ಪ.

"ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವಲ್ಲ, ಮೇಷ್ಟ್ರೇ."

"ಇಲ್ರಿ. ಪಂಚನಾಮೆ ಬರದವ ನಾನು. ಅದರಾಗ ಒಂದು ವಾಕ್ಯ ಸುಳ್ಳದ. ಕಡೀಲಿಂದ ಎರಡನೇದು."

ಸಾಹೇಬರು ಕಾಗದ ತಿರುವಿ ಓದಿದರು. "ಹೇಳಿಕೆ ನೀಡುವ ಸ್ಥಿತಿಯಲ್ಲಿರಲಿಲ್ಲ. ಇದೇನಾ? ಇದು ಎಲ್ಲಾ ಪಂಚನಾಮೆಯಲ್ಲೂ ಇರುತ್ತಲ್ರೀ."

"ಹೌದ್ರಿ. ಅದು ನಾನೇ ಕಟ್ಟಿದ ವಾಕ್ಯ. ಈ ತಾಯಿ ಹೇಳಿಕೆ ಕೊಟ್ಟಿದ್ರು. ಮೂರು ಸಲ ಕೊಟ್ಟಿದ್ರು. ನಾ ಕೇಳಿದ್ದೆ. ಬರೀಲಿಲ್ಲ."

"ಏ ಮಾಸ್ತರ್ರ, ಏನ್ ಮಾತಾಡ್ಲಿಕತ್ತೀರಿ? ಬಿಸಿಲು ಬಡದದೇನು?" ಎಂದು ಗೊಲ್ಲಾಳಪ್ಪ ಅರ್ಧ ಎದ್ದ. ಸಾಹೇಬರು ಕೈಸನ್ನೆಯಿಂದ ಅವನನ್ನು ಕೂರಿಸಿ, ದನಿ ತಗ್ಗಿಸಿದರು.

"ನೋಡಿ, ನೀವು ಸರ್ಕಾರಿ ನೌಕರರು. ಸುಳ್ಳು ಪಂಚನಾಮೆ ಬರೆದೆ ಅಂತ ನನ್ನೆದುರು ಹೇಳಿದ್ರೆ ನಾನು ಮೇಲಕ್ಕೆ ಬರೀಲೇಬೇಕಾಗುತ್ತೆ. ಗೊತ್ತಲ್ಲ?"

"ಗೊತ್ತದರಿ. ಬರೀರಿ."

ಸಾಹೇಬರು ಸೈದಾನಬಿಯ ಕಡೆ ತಿರುಗಿದರು. "ಅಮ್ಮ, ಅವತ್ತು ಏನು ಹೇಳಿದ್ರಿ? ಈಗ ಹೇಳಿ. ಬರ್ಕೋತೀವಿ."

ಸೈದಾನಬಿ ಸೆರಗು ಸರಿಪಡಿಸಿಕೊಂಡಳು. ಅವಳ ಮುಖದಲ್ಲಿ ದುಃಖವೂ ಕಾಣಲಿಲ್ಲ, ಆಸೆಯೂ ಕಾಣಲಿಲ್ಲ.

"ನಾ ಹೇಳಲ್ಲ ಸಾಹೇಬ್ರ. ಎಷ್ಟು ಸಲ ಹೇಳಲಿ? ಅವತ್ತು ಹೇಳೀನಿ, ಠಾಣ್ಯಾಗ ಹೇಳೀನಿ, ಗೋಡಿಗಿ ಹೇಳೀನಿ. ನನ್ನ ಮಾತು ಈ ಮಾಸ್ತರ್ರ ಹಂತೇಕ ಅದ. ಹದಿನಾಲ್ಕು ತಿಂಗಳ ಇಟ್ಟುಕೊಂಡಾರ. ಅವರೇ ಕೊಡಲಿ."

ಗುಮಾಸ್ತ ಸಾಹೇಬರ ಮುಖ ನೋಡಿದ. ಸಾಹೇಬರು ಮಾಸ್ತರರ ಮುಖ ನೋಡಿದರು. "ಅವರ ಮಾತು ನಿಮಗೆ ನೆನಪಿದೆಯಾ?"

ನೆನಪಿತ್ತು. ಬರೆದ ಹನ್ನೊಂದು ಹಾಳೆಗಳಲ್ಲಿ ತಾವು ಕಟ್ಟಿದ ಆ ವಾಕ್ಯವೊಂದನ್ನು ಬಿಟ್ಟರೆ ಒಂದು ಸಾಲೂ ಅವರಿಗೆ ಬಾಯಿಪಾಠವಿರಲಿಲ್ಲ. ಬರೆಯದೆ ಬಿಟ್ಟದ್ದು ಮಾತ್ರ ಅಕ್ಷರಕ್ಷರ ಉಳಿದಿತ್ತು. ಮಾಸ್ತರರು ಎದ್ದು ನಿಂತರು. ಅವಳ ಮಾತನ್ನು ತಮ್ಮ ಗ್ರಾಂಥಿಕಕ್ಕೆ ತಿರುಗಿಸಲಿಲ್ಲ. ಅವಳು ನಿಂತಂತೆ ನಿಂತು, ಅವಳು ಆಡಿದಂತೆ ಆಡಿದರು.

"ನಾ ಬುತ್ತಿ ತಂದಿದ್ದೆ ಮಾಸ್ತರ್ರ. ನನ್ನ ಮುಂದೇ ಮುಕಾದಮ್ ಬಂದ. ಹಳೀ ಖಣ್ಯಾಗ ಮೂರು ಛಲೋ ಪರಸಿ ಬಿದ್ದಾವ, ತಕ್ಕೊಂಡು ಬಾ, ಲಾರಿ ನಿಂತದ ಅಂದ. ಇವರು ಅಂದ್ರು, ಮ್ಯಾಲಿನ ಪದರ ಬಿರುಕು ಬಿಟ್ಟದ, ನಾ ಹೋಗಲ್ಲ. ಅವ ಅಂದ, ಅಂಜತಿದ್ರ ಹೆಂಡ್ತಿ ಕೈಯಾನ ಬಳಿ ಇಸಗೊಂಡು ಹಾಕ್ಕೋ. ಎಲ್ಲಾ ಮಂದಿ ನಕ್ಕರು. ನಾನೂ ಅಲ್ಲೇ ಇದ್ದೆ. ಆಗ ಇವರು ಎದ್ದರು. ಉಣ್ಣಲಿಲ್ಲ. ಹೋಗೂ ಮುಂದ ನನ್ನ ಕಡಿ ಹೊಳ್ಳಿ ನೋಡಿದರು. ಆಮ್ಯಾಲ—"

"ನೋಡ್ಲಿಲ್ಲ" ಎಂದಳು ಸೈದಾನಬಿ.

ಮಾಸ್ತರರು ಮಾತು ನಿಲ್ಲಿಸಿ ಅವಳತ್ತ ತಿರುಗಿದರು.

"ಹೊಳ್ಳಿ ನೋಡ್ಲಿಲ್ಲ. ನಾ ಹಂಗ ಹೇಳಿಲ್ಲ. ಸಿಟ್ಟಿನಾಗ ಇದ್ರು, ನನ್ನ ಮುಂದ ಮಂದಿ ನಕ್ಕಿದ್ದಕ್ಕ. ಹಂಗೇ ಹೋದ್ರು. ಅದನ್ನ ತಗೀರಿ."

ಅವಳು ಹಾಗೆ ಹೇಳಿರಲಿಲ್ಲ, ನಿಜ. ಆ ನೋಟವನ್ನು ತಾವು ಯಾವಾಗ ಸೇರಿಸಿದರೋ ಅವರಿಗೇ ತಿಳಿಯದು. ಮೊದಲು ಅವಳ ಮಾತನ್ನು ತೆಗೆದುಹಾಕಿದ್ದರು. ಈಗ ಮರಳಿ ಕೊಡುವಾಗ ತಮ್ಮದೊಂದು ಅಲಂಕಾರವನ್ನು ಬೆರೆಸಿದ್ದರು. ಇನ್ನೊಬ್ಬರ ಬಾಯಾಗಿ ಮಾತಾಡುವವನಿಗೆ ಎರಡೂ ಅಪರಾಧಗಳು ಒಂದೇ ಕೈಯಳತೆಯಲ್ಲಿರುತ್ತವೆ. ಮನುಷ್ಯ ಕಲಿತಷ್ಟೂ ಇದರಲ್ಲಿ ಚತುರನಾಗುತ್ತಾನೆ, ಒಳ್ಳೆಯವನಾಗುವುದಿಲ್ಲ.

"ತಗೀರಿ" ಎಂದರು ಮಾಸ್ತರರು ಗುಮಾಸ್ತನಿಗೆ. "ಅದು ನನ್ನದು. ಅವರದಲ್ಲ."

ಗುಮಾಸ್ತ ಗೆರೆ ಎಳೆದು ಆ ಸಾಲು ಹೊಡೆದುಹಾಕಿದ. ಉಳಿದದ್ದನ್ನು ಮಾಸ್ತರರು ಹೇಳಿ ಮುಗಿಸಿದರು: ಸದ್ದು, ಧೂಳು, ಗೊಲ್ಲಾಳಪ್ಪ ಲಾರಿಯನ್ನು ಮೊದಲು ಕಳಿಸಿ ಆಮೇಲೆ ಜನರನ್ನು ಕರೆದದ್ದು. ಸೈದಾನಬಿ ಮತ್ತೆ ತಡೆಯಲಿಲ್ಲ.

"ಇವನ್ನೆಲ್ಲ ಹೌದಂತೀಯೇನಪ್ಪಾ?" ಎಂದು ಸಾಹೇಬರು ಗೊಲ್ಲಾಳಪ್ಪನನ್ನು ಕೇಳಿದರು.

"ನಾ ಕಳಿಸಿಲ್ರಿ ಸಾಹೇಬ್ರ. ಚಾಷ್ಟಿ ಮಾಡಿದ್ದೆ ಅಷ್ಟೇ. ಬಳಿ ಮಾತು ಚಾಷ್ಟೀದು. ಅದಕ್ಕ ಯಾರರೆ ಎದ್ದು ಹೋಗತಾರೇನ್ರಿ?" ಎಂದವನು, ತಾನು ಏನು ಒಪ್ಪಿಕೊಂಡೆನೆಂದು ತಿಳಿದು ಬಾಯಿ ಮುಚ್ಚಿದ.

ಸಾಹೇಬರು ಅದನ್ನೂ ಬರೆಸಿದರು. ಆಮೇಲೆ ಆ ಹಾಳೆಯನ್ನು ಬಷೀರಾಳ ಕೈಗೆ ಕೊಟ್ಟು, ತಾಯಿಗೆ ಓದಿ ಹೇಳೆಂದರು. ಹುಡುಗಿ ನಿಂತು, ತರಗತಿಯಲ್ಲಿ ಪಾಠ ಓದುವ ದನಿಯಲ್ಲೇ ಓದಿದಳು. ಅಪ್ಪನ ಹೆಸರು ಬಂದಲ್ಲಿಯೂ ನಿಲ್ಲಲಿಲ್ಲ.

"ಹೌದು. ಇದು ನಂದು" ಎಂದು ಸೈದಾನಬಿ ಹೆಬ್ಬೆಟ್ಟು ಒತ್ತಿದಳು.

ಸಾಹೇಬರು ಗುಮಾಸ್ತನಿಗೆ ನಾಲ್ಕು ಸಾಲು ಹೇಳಿ ಬರೆಸಿದರು: ಮೃತನು ಮುಕಾದಮನ ಮಾತಿನ ಮೇರೆಗೆ ಒಳಹೊಕ್ಕನು, ಕಳವಿನ ಉದ್ದೇಶವಿರಲಿಲ್ಲ, ಆ ಆಪಾದನೆಯನ್ನು ಕೈಬಿಡಲಾಗಿದೆ. ಇನ್ನೊಂದು ಹಾಳೆ ತೆಗೆದುಕೊಂಡು ಮಾಸ್ತರರ ಪೂರ್ತಿ ಹೆಸರು, ಶಾಲೆ, ನೌಕರಿಗೆ ಸೇರಿದ ವರ್ಷ ಕೇಳಿ ಬರೆದುಕೊಂಡರು. ಮಾಸ್ತರರು ಎಲ್ಲವನ್ನೂ ಸ್ಪಷ್ಟವಾಗಿ ಹೇಳಿ ಕೆಳಗೆ ರುಜು ಹಾಕಿದರು.

ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಶಹಾಬಾದದ ಬಸ್ಸಿಗೆ ಮೂವರೂ ಬೇವಿನ ಮರದ ಕೆಳಗೆ ನಿಂತರು. ಸೈದಾನಬಿ ಕೃತಜ್ಞತೆ ಹೇಳಲಿಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ. ತಮ್ಮದನ್ನು ತಾವು ಮರಳಿ ಪಡೆದವರು ಹಾಗೆ ಹೇಳುವುದಿಲ್ಲ.

ಬಸ್ಸಿನ ಧೂಳು ದೂರದಲ್ಲಿ ಕಂಡಾಗ ಅವಳು ಮಾಸ್ತರರ ಕಡೆ ನೋಡದೆಯೇ ಹೇಳಿದಳು.

"ನಾಳಿಂದ ಬಷೀರಾಗ ಸಾಲಿಗಿ ಕಳಸ್ತೀನಿ."

"ಕಳಸ್ರಿ. ನಾ ಇರ್ತೀನೋ ಇಲ್ಲೋ, ಹೇಳಾಕ ಬರಲ್ಲ."

"ನೀವಿಲ್ಲಂದ್ರ ಮತ್ಯಾರರೆ ಕಲಸ್ತಾರ" ಎಂದು ಸೈದಾನಬಿ ಮಗಳ ಕೈ ಹಿಡಿದು, ಬಂದು ನಿಂತ ಬಸ್ಸು ಹತ್ತಿದಳು.